ಅಡುಗೆಮನೆಯಿಂದ ಷಿಕಾಗೊವರೆಗೆ

ಪರೀಕ್ಷೆಯ ಫಲಿತಾಂಶ ಬಂದ ಮರುದಿನದಿಂದ ನಮ್ಮ ಮಂಗಳೂರಿನ ಮನೆಗಳಲ್ಲಿ ಒಂದೇ ಮಾತು. ಯಾವ ಕಾಲೇಜು? ಯಾವ ಕಾಂಬಿನೇಷನ್? ಯಾವ ಕೋಚಿಂಗ್? ಅಪ್ಪ ಒಂದು ಕಡೆ ಫೋನು ಹಿಡಿದು ವಿಚಾರಿಸುತ್ತಿದ್ದರೆ ಅಮ್ಮ ಇನ್ನೊಂದು ಕಡೆ ನೆಂಟರ ಮಕ್ಕಳ ಅಂಕಗಳ ಲೆಕ್ಕ ಹಾಕುತ್ತಿರುತ್ತಾರೆ. ಈ ಗಡಿಬಿಡಿಯ ನಡುವೆ ತಂದೆತಾಯಿಯರ ಮನಸ್ಸಿನಲ್ಲಿ ಎರಡು ಅಳುಕುಗಳು ಸದಾ ಇರುತ್ತವೆ. ವಿಜ್ಞಾನ ಬಿಟ್ಟರೆ ಮಗುವಿನ ಭವಿಷ್ಯ ಹಾಳಾದೀತೇ ಎಂಬುದು ಒಂದು. ಮನೆಯಲ್ಲಿ ತುಳುವೋ ಕೊಂಕಣಿಯೋ ಬ್ಯಾರಿಯೋ ಮಾತಾಡುತ್ತಾ ಕೂತರೆ ಮಗುವಿನ ಇಂಗ್ಲಿಷ್ ಕೆಟ್ಟೀತೇ ಎಂಬುದು ಇನ್ನೊಂದು.

ಈ ಎರಡೂ ಅಳುಕುಗಳಿಗೆ ಉತ್ತರವಾಗಿ ನಿಂತ ಒಂದು ಬದುಕಿನ ಕಥೆಯನ್ನು ಈ ವಾರ ಹೇಳಬೇಕೆನಿಸಿದೆ. ಅಮೆರಿಕದಲ್ಲಿ ಮ್ಯಾಕ್‌ಆರ್ಥರ್ ಫೆಲೋಶಿಪ್ ಎಂಬುದೊಂದಿದೆ. ಅದಕ್ಕೆ ಅರ್ಜಿ ಹಾಕುವಂತಿಲ್ಲ. ಅವರಾಗಿಯೇ ಹುಡುಕಿ ಪ್ರತಿಭಾವಂತರೆಂದು ಕಂಡವರಿಗೆ ಯಾವ ಷರತ್ತೂ ಇಲ್ಲದೆ ಐದು ವರ್ಷ ಹಣ ಕೊಡುತ್ತಾರೆ. 1983ರಲ್ಲಿ ಅದು ಷಿಕಾಗೊ ವಿಶ್ವವಿದ್ಯಾಲಯದ ಒಬ್ಬ ಕವಿ-ಪ್ರಾಧ್ಯಾಪಕರಿಗೆ ಸಿಕ್ಕಿತು. ಅವರು ಹುಟ್ಟಿದ್ದು ಮೈಸೂರಿನಲ್ಲಿ. ಓದಿದ್ದು ಬನುಮಯ್ಯ ಹೈಸ್ಕೂಲು, ಮಹಾರಾಜಾ ಕಾಲೇಜಿನಲ್ಲಿ. ಅವರು ಅಮೆರಿಕಕ್ಕೆ ಹೊತ್ತೊಯ್ದ ಬಂಡವಾಳವೆಂದರೆ ಗಾದೆ, ಒಗಟು, ವಚನ, ಅಜ್ಜಿಕಥೆ. ಹೆಸರು ಅತ್ತಿಪಟ್ಟೆ ಕೃಷ್ಣಸ್ವಾಮಿ ರಾಮಾನುಜನ್. ಕನ್ನಡದ ಓದುಗರಿಗೆ ಎ.ಕೆ. ರಾಮಾನುಜನ್.

ಒಂದು ಮನೆ, ಮೂರು ಭಾಷೆ

ರಾಮಾನುಜನ್ ಹುಟ್ಟಿದ್ದು 1929ರ ಮಾರ್ಚ್ 16ರಂದು, ಮೈಸೂರಿನ ಒಂದು ತಮಿಳು ಅಯ್ಯಂಗಾರ್ ಕುಟುಂಬದಲ್ಲಿ. ಮನೆಯ ಕೆಳಗೆ ಅಡುಗೆಮನೆ. ಅಲ್ಲಿ ತಾಯಿಯ ಜೊತೆ ತಮಿಳು. ಮಹಡಿಯ ಮೇಲೆ ತಂದೆಯ ಓದುವ ಕೋಣೆ. ಅಲ್ಲಿ ಇಂಗ್ಲಿಷ್. ಬಾಗಿಲು ದಾಟಿ ಬೀದಿಗಿಳಿದರೆ ಗೆಳೆಯರ ಜೊತೆ ಕನ್ನಡ. ಸಾಲದ್ದಕ್ಕೆ ತಂದೆಯ ಸಂಸ್ಕೃತ. ಹೀಗೆ ಮೆಟ್ಟಿಲು ಹತ್ತಿ ಇಳಿಯುವಷ್ಟರಲ್ಲೇ ಹುಡುಗನ ಭಾಷೆ ಬದಲಾಗುತ್ತಿತ್ತು.

ನಮ್ಮೂರಿನವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣಲಿಕ್ಕಿಲ್ಲ. ಮಂಗಳೂರಿನ ಮಗು ಅಜ್ಜಿಯ ಹತ್ತಿರ ಕೊಂಕಣಿ, ನೆರೆಮನೆಯ ಹತ್ತಿರ ತುಳು, ಶಾಲೆಯ ಅಂಗಳದಲ್ಲಿ ಕನ್ನಡ, ತರಗತಿಯೊಳಗೆ ಇಂಗ್ಲಿಷ್ ಆಡಿಕೊಂಡೇ ಬೆಳೆಯುತ್ತದೆ. ಮೀನು ಮಾರುಕಟ್ಟೆಗೆ ಹೋದರೆ ಬ್ಯಾರಿ, ಮಲಯಾಳವೂ ಕಿವಿಗೆ ಬೀಳುತ್ತವೆ. ಆದರೆ ಇದನ್ನು ನಾವು ತೊಂದರೆ ಎಂದು ತಿಳಿದಿದ್ದೇವೆ. ರಾಮಾನುಜನ್ ಇದನ್ನೇ ಆಸ್ತಿ ಎಂದು ತಿಳಿದರು. ಸಂಸ್ಕೃತ ಮತ್ತು ಇಂಗ್ಲಿಷ್ ತಮಗೆ ತಂದೆಯ ಕಡೆಯಿಂದ ಬಂದ ನುಡಿಗಳು, ಅಡುಗೆಮನೆಯ ಮಾತು ತಾಯಿಯ ಕಡೆಯದು ಎಂದು ಅವರು ಮುಂದೆ ಬರೆದರು. ಒಂದನ್ನು ಕಲಿಯಲು ಇನ್ನೊಂದನ್ನು ಮರೆಯಬೇಕು ಎಂದು ಅವರಿಗೆ ಎಂದೂ ತೋರಲಿಲ್ಲ. ಅವರ ಇಂಗ್ಲಿಷನ್ನು ಇಂಗ್ಲಿಷಿನವರೇ ಮೆಚ್ಚಿದರು. ಅವರ ಕನ್ನಡವನ್ನು ಕನ್ನಡದವರು ಮೆಚ್ಚಿದರು. ತಮಿಳಿನ ಎರಡು ಸಾವಿರ ವರ್ಷ ಹಳೆಯ ಕವಿತೆಗಳನ್ನು ಲೋಕಕ್ಕೆ ತೋರಿಸಿದವರಲ್ಲೂ ಅವರು ಪ್ರಮುಖರು.

ಲೆಕ್ಕದ ಮೇಷ್ಟ್ರ ಮಗ

ತಂದೆ ಕೃಷ್ಣಸ್ವಾಮಿಯವರು ಮೈಸೂರಿನಲ್ಲಿ ಗಣಿತದ ಪ್ರಾಧ್ಯಾಪಕರು. ಖಗೋಳ ವಿಜ್ಞಾನವನ್ನೂ ಬಲ್ಲವರು. ವಿಚಿತ್ರವೆಂದರೆ ಜ್ಯೋತಿಷ್ಯವನ್ನೂ ಬಲ್ಲವರು! ವಿದೇಶದ ಗಣಿತಜ್ಞರೂ ಮನೆಗೆ ಬರುತ್ತಿದ್ದರು, ಶಾಲು ಹೊದ್ದ ಪಂಡಿತರೂ ಬರುತ್ತಿದ್ದರು. ಆಗಷ್ಟೇ ಬರ್ಟ್ರಂಡ್ ರಸೆಲ್‌ರನ್ನು ಓದಿ ವೈಜ್ಞಾನಿಕ ಮನೋಭಾವದ ಹುರುಪಿನಲ್ಲಿದ್ದ ಮಗನಿಗೆ ಇದು ಸಹಿಸಲಾಗದ ಸಂಗತಿ. ಒಂದೇ ತಲೆಯಲ್ಲಿ ಖಗೋಳವೂ ಜ್ಯೋತಿಷ್ಯವೂ ಹೇಗೆ ಕೂಡಿ ಬಾಳುತ್ತವೆ ಎಂದು ತಂದೆಯನ್ನು ಕೆಣಕಿದ. ಮಿದುಳಿಗೆ ಎರಡು ಪಾಲುಗಳಿವೆ ಎಂಬುದು ನಿನಗೆ ಗೊತ್ತಿಲ್ಲವೇ ಎಂದು ತಂದೆ ತಮಾಷೆಯಾಗಿ ಕೇಳಿ ಸುಮ್ಮನಾದರಂತೆ. ಮಗ ಈ ಮಾತನ್ನು ಮರೆಯಲಿಲ್ಲ. ಸುಮಾರು ನಾಲ್ಕು ದಶಕಗಳ ನಂತರ, ಭಾರತೀಯರು ಯೋಚಿಸುವ ಬಗೆ ಎಂಬುದೊಂದು ಇದೆಯೇ ಎಂಬ ಪ್ರಶ್ನೆಯನ್ನೆತ್ತಿಕೊಂಡು 1989ರಲ್ಲಿ ಅವರು ಪ್ರಕಟಿಸಿದ ಪ್ರಸಿದ್ಧ ಪ್ರಬಂಧ ಆರಂಭವಾಗುವುದೇ ತಂದೆಯ ಈ ಚಿತ್ರದಿಂದ. ಕೆಣಕಿದ ಮಗನೇ ಕೊನೆಗೆ ತಂದೆಯನ್ನು ಅರ್ಥ ಮಾಡಿಕೊಳ್ಳಲು ಹೊರಟ ಬರಹ ಅದು.

ತಂದೆತಾಯಿಯರು ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಕಾಲೇಜಿನ ಮೊದಲ ವರ್ಷ ರಾಮಾನುಜನ್ ವಿಜ್ಞಾನದ ವಿದ್ಯಾರ್ಥಿ. ಮಗನ ಬುದ್ಧಿ ಗಣಿತದ ಕಡೆಗೆ ಹರಿಯುವಂಥದ್ದಲ್ಲ ಎಂದು ಕಂಡುಕೊಂಡವರು ಗಣಿತದ ಪ್ರಾಧ್ಯಾಪಕರಾದ ತಂದೆಯೇ. ವಿಜ್ಞಾನ ಬಿಟ್ಟು ಇಂಗ್ಲಿಷ್ ಸಾಹಿತ್ಯ ತೆಗೆದುಕೋ ಎಂದು ಒಪ್ಪಿಸಿದವರೂ ಅವರೇ. ಮಗ 1949ರಲ್ಲಿ ಆನರ್ಸ್ ಪದವಿ, 1950ರಲ್ಲಿ ಎಂ.ಎ. ಪಡೆದ.

ಇದರ ಅರ್ಥ ಎಲ್ಲರೂ ವಿಜ್ಞಾನ ಬಿಡಬೇಕೆಂದಲ್ಲ. ಮಗಳಿಗೆ ಭೌತಶಾಸ್ತ್ರ ಇಷ್ಟವಿದ್ದರೆ ಅವಳನ್ನು ಅಲ್ಲಿಂದ ಎಬ್ಬಿಸುವುದೂ ತಪ್ಪೇ. ಇಲ್ಲಿ ಮುಖ್ಯವಾದದ್ದು, ಆ ತಂದೆ ತಮ್ಮ ವಿಷಯದ ಪ್ರತಿಷ್ಠೆಯನ್ನು ಪಕ್ಕಕ್ಕಿಟ್ಟು ಎದುರಿಗಿದ್ದ ಹುಡುಗನನ್ನು ನೋಡಿದರು ಎಂಬುದು. ಅಂಕಪಟ್ಟಿ ನೋಡುವುದು ಸುಲಭ, ಹುಡುಗನನ್ನು ನೋಡುವುದು ಕಷ್ಟ. ಅದಕ್ಕೆ ಅವನ ಜೊತೆ ಕೂತು ಮಾತಾಡಬೇಕು, ಅವನು ಯಾರೂ ಹೇಳದೆ ಏನು ಓದುತ್ತಾನೆ, ಯಾವುದನ್ನು ಮಾಡುವಾಗ ಹೊತ್ತು ಮರೆಯುತ್ತಾನೆ ಎಂದು ತಿಳಿದಿರಬೇಕು.

ಮೇಷ್ಟ್ರ ಜೋಳಿಗೆ

ಎಂ.ಎ. ಆದ ಕೂಡಲೇ ಭಾಗ್ಯದ ಬಾಗಿಲು ತೆರೆಯಿತು ಎಂದು ಭಾವಿಸಬೇಡಿ. ಮುಂದಿನ ಎಂಟು ವರ್ಷ ರಾಮಾನುಜನ್ ಊರಿಂದೂರಿಗೆ ಅಲೆದ ಇಂಗ್ಲಿಷ್ ಮೇಷ್ಟ್ರು. ಕೇರಳದ ಕೊಲ್ಲಂ, ತಮಿಳುನಾಡಿನ ಮಧುರೆ, ಬೆಳಗಾವಿಯ ಲಿಂಗರಾಜ ಕಾಲೇಜು, ಬಳಿಕ ಬಡೋದೆ. ಎಷ್ಟೋ ಜನ ಇಂಥ ಅಲೆದಾಟವನ್ನು ಶಾಪವೆಂದು ಗೊಣಗಿ ಕಳೆಯುತ್ತಾರೆ. ರಾಮಾನುಜನ್ ಹೋದ ಊರಿನಲ್ಲೆಲ್ಲ ಕಿವಿ ತೆರೆದಿಟ್ಟರು. ಗಾದೆ ಕೇಳಿದರೆ ಬರೆದುಕೊಂಡರು. ಮನೆಯ ಹೆಂಗಸರು ಮಕ್ಕಳಿಗೆ ಊಟ ಮಾಡಿಸುತ್ತಾ ಹೇಳುವ ಕಥೆಗಳನ್ನು ಬರೆದುಕೊಂಡರು. ಒಂದೇ ಕಥೆಯನ್ನು ಬೇರೆ ಬೇರೆಯವರ ಬಾಯಿಂದ ಕೇಳಿ ಎಲ್ಲಿ ಏನು ಬದಲಾಯಿತು ಎಂದು ನೋಡಿದರು. 1955ರಲ್ಲಿ ಧಾರವಾಡದಿಂದ ಅವರ ‘ಗಾದೆಗಳು’ ಎಂಬ ಪುಟ್ಟ ಪುಸ್ತಕ ಬಂತು.

ಆಗ ಈ ಕೆಲಸಕ್ಕೆ ಬಡ್ತಿಯಿಲ್ಲ, ಸಂಬಳವಿಲ್ಲ. ಇಂಗ್ಲಿಷ್ ಪಾಠ ಮಾಡುವ ಮೇಷ್ಟ್ರಿಗೆ ಅಡುಗೆಯವರ, ಅಜ್ಜಿಯರ ಕಥೆ ಏಕೆ ಎಂದು ಕೇಳಿದವರೂ ಇದ್ದಿರಬಹುದು. ಆದರೆ ಮುಂದೆ ಅವರನ್ನು ದಡ ಸೇರಿಸಿದ್ದು ಆ ಜೋಳಿಗೆಯೇ. ಇಂಗ್ಲಿಷ್ ಬಲ್ಲ ಮೇಷ್ಟ್ರುಗಳು ದೇಶದಲ್ಲಿ ಸಾವಿರಾರು ಮಂದಿ ಇದ್ದರು. ಇಂಗ್ಲಿಷನ್ನೂ ಬಲ್ಲ, ಅಜ್ಜಿಯ ಕಥೆಯನ್ನೂ ಅಷ್ಟೇ ಗಂಭೀರವಾಗಿ ಓದಬಲ್ಲ ಮೇಷ್ಟ್ರುಗಳು ಬೆರಳೆಣಿಕೆಯಷ್ಟು.

ಕನ್ನಡ ವ್ಯಾಕರಣಕ್ಕಾಗಿ ಅಮೆರಿಕಕ್ಕೆ

ತಮಗೆ ಇನ್ನೂ ಏನೋ ಕಲಿಯಬೇಕಿದೆ ಎಂದು ಕಂಡಾಗ ರಾಮಾನುಜನ್ ಮತ್ತೆ ವಿದ್ಯಾರ್ಥಿಯಾದರು. 1958ರಲ್ಲಿ ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಭಾಷಾವಿಜ್ಞಾನ ಓದಿದರು. 1959ರಲ್ಲಿ ಫುಲ್‌ಬ್ರೈಟ್ ವಿದ್ಯಾರ್ಥಿವೇತನದ ಮೇಲೆ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಹೋದರು. ಆಗ ವಯಸ್ಸು 30. ಇಪ್ಪತ್ತೆರಡಕ್ಕೇ ಎಲ್ಲವೂ ತೀರ್ಮಾನವಾಗಬೇಕು ಎಂದು ಮಕ್ಕಳನ್ನು ಓಡಿಸುವ ನಾವು ಈ ಅಂಕಿಯನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಅಲ್ಲಿ ಹೋಗಿ ಅವರು ಪಿಎಚ್.ಡಿ. ಮಾಡಿದ್ದು ಯಾವುದರ ಮೇಲೆ? ಕನ್ನಡ ವ್ಯಾಕರಣದ ಮೇಲೆ! ನೋಮ್ ಚಾಮ್‌ಸ್ಕಿಯವರಿಂದ ಆರಂಭವಾಗಿದ್ದ ಹೊಸ ಭಾಷಾವಿಜ್ಞಾನದ ದಾರಿಯಲ್ಲಿ ಕನ್ನಡದ ವಾಕ್ಯಗಳು ಹೇಗೆ ಕಟ್ಟಿಕೊಳ್ಳುತ್ತವೆ ಎಂದು ವಿವರಿಸುವ ಪ್ರಬಂಧಕ್ಕೆ 1963ರಲ್ಲಿ ಪದವಿ ಬಂತು. ಅಷ್ಟರಲ್ಲಿ ಷಿಕಾಗೊ ವಿಶ್ವವಿದ್ಯಾಲಯ ಅವರನ್ನು ಕರೆದುಕೊಂಡಿತ್ತು. ಮುಂದಿನ ಮೂರು ದಶಕ, ಕೊನೆಯವರೆಗೂ, ಅವರು ಅಲ್ಲಿಯ ಮೇಷ್ಟ್ರು. ದ್ರಾವಿಡ ಭಾಷೆಗಳನ್ನೂ ಭಾರತೀಯ ಸಾಹಿತ್ಯವನ್ನೂ ಕಲಿಸಿದರು.

ಹೊರಗಿನವರು ನಮ್ಮ ಭಾಷೆಯನ್ನು ಕಲಿಯಲು ಬರುವುದು ಮಂಗಳೂರಿಗೆ ಹೊಸದಲ್ಲ. ಜರ್ಮನಿಯ ಮೋಗ್ಲಿಂಗ್ 1843ರಲ್ಲಿ ಇಲ್ಲಿಂದಲೇ ‘ಮಂಗಳೂರ ಸಮಾಚಾರ’ ಹೊರಡಿಸಿದರು. ಮೆನ್ನರ್ ಅವರ ತುಳು ನಿಘಂಟು 1886ರಲ್ಲಿ, ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಅಚ್ಚಾದದ್ದು ಇಲ್ಲಿಯ ಬಾಸೆಲ್ ಮಿಷನ್ ಮುದ್ರಣಾಲಯದಲ್ಲಿ. ಅವರು ಹೊರಗಿನಿಂದ ಬಂದು ನಮ್ಮ ಮಾತುಗಳನ್ನು ಕಿವಿಗೊಟ್ಟು ಕೇಳಿ ಬರೆದಿಟ್ಟರು. ರಾಮಾನುಜನ್ ಒಳಗಿನವರಾಗಿದ್ದೂ ಅದೇ ಶ್ರದ್ಧೆಯಿಂದ ಕೇಳಿದರು. ಹಿತ್ತಲ ಗಿಡ ಮದ್ದಲ್ಲ ಎನ್ನುವ ನಮ್ಮಲ್ಲಿ ಇದು ಹೆಚ್ಚು ಕಷ್ಟದ ಕೆಲಸ.

ನೆಲಮಾಳಿಗೆಯಲ್ಲಿ ಸಿಕ್ಕ ಪುಸ್ತಕ

1962ರ ಒಂದು ಶನಿವಾರ. ಷಿಕಾಗೊಗೆ ಬಂದು ಹೆಚ್ಚು ದಿನವಾಗಿಲ್ಲ. ರಾಮಾನುಜನ್ ಅಲ್ಲಿಯ ಹಾರ್ಪರ್ ಗ್ರಂಥಾಲಯದ ನೆಲಮಾಳಿಗೆಗೆ ಇಳಿದರು. ಹುಡುಕುತ್ತಿದ್ದುದು ಹಳೆಗಾಲದ ತಮಿಳಿನ ಒಂದು ಸುಲಭ ವ್ಯಾಕರಣ. ತಮಿಳು ಅವರ ತಾಯಿಯ ಮಾತಾದರೂ ಹಳೆಯ ತಮಿಳನ್ನು ಅವರು ಕಲಿತಿರಲಿಲ್ಲ. ಕಪಾಟುಗಳ ನಡುವೆ ಕೈಗೆ ಸಿಕ್ಕಿದ್ದು ಬೇರೆಯೇ ಪುಸ್ತಕ, ‘ಕುರುಂತೊಗೈ’. ಹೆಚ್ಚುಕಡಿಮೆ ಎರಡು ಸಾವಿರ ವರ್ಷ ಹಳೆಯ ಪ್ರೇಮಕವಿತೆಗಳ ಸಂಗ್ರಹ. ಊರೂರು ಅಲೆದು ಹಳೆಯ ಓಲೆಗರಿಗಳನ್ನು ಹುಡುಕಿ ತಮಿಳಿನ ಪ್ರಾಚೀನ ಸಾಹಿತ್ಯವನ್ನು ಉಳಿಸಿದ ಉ.ವೇ. ಸ್ವಾಮಿನಾಥ ಅಯ್ಯರ್ 1937ರಲ್ಲಿ ಅಚ್ಚು ಹಾಕಿಸಿದ ಪ್ರತಿ ಅದು. ನಿಂತಲ್ಲೇ ತೆರೆದು ಓದಿದರು. ಒಳಗೆ ಅಂಥ ಕವಿತೆಗಳಿವೆ ಎಂದು ಅವರಿಗೆ ಅದುವರೆಗೆ ಗೊತ್ತಿರಲಿಲ್ಲ.

ಮೈಸೂರಿನ ಅಡುಗೆಮನೆಯಲ್ಲಿ ತಮಿಳು ಕಲಿತ ಹುಡುಗನಿಗೆ ತಮಿಳಿನ ಅತ್ಯುತ್ತಮ ಕವಿತೆಗಳ ಪರಿಚಯವಾದದ್ದು 33ನೆಯ ವಯಸ್ಸಿನಲ್ಲಿ, ಷಿಕಾಗೊದ ನೆಲಮಾಳಿಗೆಯಲ್ಲಿ! ತನ್ನದೇ ಪರಂಪರೆಯಾದರೂ ಅದು ಹುಟ್ಟಿನಿಂದ ತಾನಾಗಿ ಕೈಗೆ ಬರುವುದಿಲ್ಲ, ದುಡಿದು ಸಂಪಾದಿಸಿಕೊಳ್ಳಬೇಕು ಎಂಬರ್ಥದ ಮಾತನ್ನು ಅವರು ಮುಂದೆ ಬರೆದದ್ದು ಈ ಅನುಭವದಿಂದಲೇ. ಇದು ನಮಗೂ ಹೇಳಿದ ಮಾತು. ಮನೆಯಲ್ಲಿ ತುಳು ಆಡಿದ ಮಾತ್ರಕ್ಕೆ ತುಳುವಿನ ಸಂಪತ್ತು ನಮ್ಮದಾಗುವುದಿಲ್ಲ. ಉಡುಪಿಯಲ್ಲಿ 1988ರಿಂದ 1997ರವರೆಗೆ ಆರು ಸಂಪುಟಗಳಲ್ಲಿ ಪ್ರಕಟವಾದ ತುಳು ನಿಘಂಟನ್ನು ನಮ್ಮಲ್ಲಿ ಎಷ್ಟು ಮಂದಿ ಒಮ್ಮೆಯಾದರೂ ತೆರೆದು ನೋಡಿದ್ದೇವೆ?

ಆ ಶನಿವಾರದ ಫಲ ಐದು ವರ್ಷದ ನಂತರ ಕಂಡಿತು. 1967ರಲ್ಲಿ ಆ ಕವಿತೆಗಳ ಇಂಗ್ಲಿಷ್ ಅನುವಾದ ‘ದಿ ಇಂಟೀರಿಯರ್ ಲ್ಯಾಂಡ್‌ಸ್ಕೇಪ್’ ಬಂತು. 1973ರಲ್ಲಿ ಪೆಂಗ್ವಿನ್ ಪ್ರಕಾಶನದಿಂದ ಬಂದ ‘ಸ್ಪೀಕಿಂಗ್ ಆಫ್ ಶಿವ’ದ ಮೂಲಕ ಬಸವಣ್ಣ, ದೇವರ ದಾಸಿಮಯ್ಯ, ಅಕ್ಕಮಹಾದೇವಿ, ಅಲ್ಲಮಪ್ರಭು ಇವರ ವಚನಗಳು ಲೋಕದ ಮೂಲೆಮೂಲೆಯ ಓದುಗರನ್ನು ತಲುಪಿದವು. 1976ರಲ್ಲಿ ಅನಂತಮೂರ್ತಿಯವರ ‘ಸಂಸ್ಕಾರ’ ಇವರ ಅನುವಾದದಲ್ಲಿ ಇಂಗ್ಲಿಷಿಗೆ ಹೋಯಿತು. ಅದೇ ವರ್ಷ ಭಾರತ ಸರಕಾರ ಪದ್ಮಶ್ರೀ ಕೊಟ್ಟಿತು.

ತಗ್ಗಿದ ದನಿಯ ಕವಿ

ಅನುವಾದಕ, ವಿದ್ವಾಂಸ ಎಂದೆಲ್ಲ ಹೇಳುವಾಗ ಅವರು ಮೊದಲಿಗೆ ಕವಿ ಎಂಬುದನ್ನು ಮರೆಯಬಾರದು. 1966ರಲ್ಲಿ ಅವರ ಮೊದಲ ಇಂಗ್ಲಿಷ್ ಸಂಕಲನ ‘ದಿ ಸ್ಟ್ರೈಡರ್ಸ್’ ಬಂತು. ಕೆರೆಯ ನೀರಿನ ಮೇಲೆ ಮುಳುಗದೆ ಓಡಾಡುವ ಉದ್ದಕಾಲಿನ ಹುಳುವನ್ನು ನೀವು ನೋಡಿರುತ್ತೀರಿ. ಸಂಕಲನದ ಹೆಸರು ಆ ಹುಳುವಿನದ್ದೇ. 1969ರಲ್ಲಿ ಕನ್ನಡದ ಮೊದಲ ಸಂಕಲನ ‘ಹೊಕ್ಕುಳಲ್ಲಿ ಹೂವಿಲ್ಲ’ ಬಂತು. ಮುಂದೆ 1971ರಲ್ಲಿ ಇಂಗ್ಲಿಷಿನ ‘ರಿಲೇಷನ್ಸ್’, 1977ರಲ್ಲಿ ಕನ್ನಡದ ‘ಮತ್ತು ಇತರ ಪದ್ಯಗಳು’, 1986ರಲ್ಲಿ ಇಂಗ್ಲಿಷಿನ ‘ಸೆಕೆಂಡ್ ಸೈಟ್’, 1990ರಲ್ಲಿ ಕನ್ನಡದ ‘ಕುಂಟೋಬಿಲ್ಲೆ’. ಎರಡು ಕೈಯಲ್ಲೂ ಬರೆಯುವವನ ಹಾಗೆ ಒಮ್ಮೆ ಈ ಭಾಷೆ, ಒಮ್ಮೆ ಆ ಭಾಷೆ. ನಡುವೆ 1978ರಲ್ಲಿ ‘ಮತ್ತೊಬ್ಬನ ಆತ್ಮಚರಿತ್ರೆ’ ಎಂಬ ಕನ್ನಡ ಕಿರುಕಾದಂಬರಿ.

ಆ ಕಾಲ ಕನ್ನಡದಲ್ಲಿ ನವ್ಯದ ಕಾಲ. ನಮ್ಮ ಕರಾವಳಿಯ ಮೊಗೇರಿಯಿಂದ ಹೋದ ಗೋಪಾಲಕೃಷ್ಣ ಅಡಿಗರ ದನಿ ನಾಡಿನ ತುಂಬಾ ಮೊಳಗುತ್ತಿತ್ತು. ರಾಮಾನುಜನ್ ದನಿ ಎತ್ತಿದವರಲ್ಲ. ಅಪ್ಪ, ಅಮ್ಮ, ಅಣ್ಣತಮ್ಮಂದಿರು, ಮನೆಯ ಹಳೆಯ ಸಾಮಾನು, ಹಾವು, ಇರುವೆ, ತನ್ನದೇ ಮುಖ, ಇವೇ ಅವರ ವಸ್ತು. ಪಕ್ಕದಲ್ಲಿ ಕುಳಿತು ಸಣ್ಣಗೆ ಮಾತಾಡಿದ ಹಾಗೆ ಆರಂಭವಾಗುವ ಪದ್ಯ, ಮುಗಿಯುವ ಹೊತ್ತಿಗೆ ಎಲ್ಲೋ ಚುಚ್ಚಿರುತ್ತದೆ. ದೊಡ್ಡ ಮಾತುಗಳನ್ನು ಆಡದೆಯೂ ದೊಡ್ಡ ಕವಿಯಾಗಬಹುದು ಎಂದು ಬರೆಯುವ ಹುಚ್ಚಿರುವ ಹುಡುಗ ಹುಡುಗಿಯರು ಅವರಿಂದ ಕಲಿಯಬಹುದು. ಅವರು ತೀರಿಕೊಂಡ ಮೇಲೆ ಬಂದ ಸಮಗ್ರ ಇಂಗ್ಲಿಷ್ ಕವಿತೆಗಳ ಸಂಪುಟಕ್ಕೆ 1999ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಸಂದಿತು.

ಅವರ ಬರಹಗಳೆಲ್ಲ ತಂಟೆಯಿಲ್ಲದೆ ಸಾಗಿದವು ಎಂದೇನೂ ಅಲ್ಲ. ರಾಮಾಯಣ ಬೇರೆ ಬೇರೆ ಭಾಷೆಗಳಲ್ಲಿ, ಬೇರೆ ಬೇರೆ ಜನರ ಬಾಯಲ್ಲಿ ಹೇಗೆ ಬೇರೆಯಾಗುತ್ತದೆ ಎಂದು ವಿವರಿಸುವ ಅವರ ಒಂದು ಪ್ರಬಂಧ ದೊಡ್ಡ ವಿವಾದಕ್ಕೊಳಗಾಗಿ, 2011ರಲ್ಲಿ ದಿಲ್ಲಿ ವಿಶ್ವವಿದ್ಯಾಲಯ ಅದನ್ನು ಇತಿಹಾಸದ ಪಠ್ಯದಿಂದ ತೆಗೆಯಿತು. ಪರ ವಿರೋಧ ಏನೇ ಇರಲಿ, ವಾದಕ್ಕಿಳಿಯುವ ಮೊದಲು ಪ್ರಬಂಧವನ್ನು ಪೂರ್ತಿ ಓದುವುದು ವಿದ್ಯಾರ್ಥಿಯಾದವರ ಕರ್ತವ್ಯ.

ಹೇಳದೆ ಉಳಿದ ಕಥೆ

ರಾಮಾನುಜನ್ ಸಂಗ್ರಹಿಸಿದ ಕನ್ನಡದ ಕಥೆಗಳಲ್ಲಿ ಒಂದು ಹೀಗಿದೆ. ಒಬ್ಬ ಗೃಹಿಣಿಗೆ ಒಂದು ಕಥೆ, ಒಂದು ಹಾಡು ಗೊತ್ತಿತ್ತು. ಅವಳು ಅದನ್ನು ಯಾರಿಗೂ ಹೇಳಲಿಲ್ಲ, ಹಾಡಲಿಲ್ಲ. ಒಳಗೇ ಇದ್ದೂ ಇದ್ದೂ ಎರಡಕ್ಕೂ ಉಸಿರು ಕಟ್ಟಿತು. ಒಂದು ದಿನ ಅವಳು ಬಾಯಿ ತೆರೆದು ಮಲಗಿದ್ದಾಗ ಎರಡೂ ಹೊರಬಿದ್ದವು. ಕಥೆ ಒಂದು ಜೊತೆ ಚಪ್ಪಲಿಯಾಗಿ ಬಾಗಿಲ ಹೊರಗೆ ಕೂತಿತು. ಹಾಡು ಗಂಡಸಿನ ಕೋಟಾಗಿ ಗೂಟದ ಮೇಲೆ ನೇತಾಡಿತು. ಮನೆಗೆ ಬಂದ ಗಂಡ ಯಾರು ಬಂದಿದ್ದರು ಎಂದು ಕೇಳಿದ. ತನಗೆ ಗೊತ್ತಿಲ್ಲ ಎಂದಳು. ಅನುಮಾನ ಬೆಳೆದು ಜಗಳವಾಯಿತು. ಗಂಡ ಕಂಬಳಿ ಹೊತ್ತು ಹನುಮಂತನ ಗುಡಿಗೆ ಹೋಗಿ ಮಲಗಿದ. ಊರಿನ ದೀಪಗಳನ್ನೆಲ್ಲ ಆರಿಸಿದ ಮೇಲೆ ಅವುಗಳ ಜ್ವಾಲೆಗಳು ರಾತ್ರಿ ಆ ಗುಡಿಯಲ್ಲಿ ಸೇರಿ ಹರಟುತ್ತಿದ್ದವು. ಅಂದು ತಡವಾಗಿ ಬಂದ ಒಂದು ಜ್ವಾಲೆ, ಇವನ ಮನೆಯದೇ, ನಡೆದದ್ದನ್ನೆಲ್ಲ ಉಳಿದವುಗಳಿಗೆ ಹೇಳಿತು. ಕೇಳಿಸಿಕೊಂಡ ಗಂಡನ ಅನುಮಾನ ಹರಿಯಿತು. ಬೆಳಗಾಗುವ ಹೊತ್ತಿಗೆ ಮನೆಗೆ ಬಂದು ಆ ಕಥೆ ಯಾವುದು, ಆ ಹಾಡು ಯಾವುದು ಎಂದು ಹೆಂಡತಿಯನ್ನು ಕೇಳಿದ. ಅಷ್ಟರಲ್ಲಿ ಅವಳಿಗೆ ಎರಡೂ ಮರೆತುಹೋಗಿದ್ದವು. ಯಾವ ಕಥೆ, ಯಾವ ಹಾಡು ಎಂದು ಅವಳೇ ಕೇಳಿದಳು.

ಈ ಕಥೆ ನಿಮಗೆ ಎಲ್ಲೋ ಕೇಳಿದಂತಿರಬಹುದು. ಗಿರೀಶ ಕಾರ್ನಾಡರ ‘ನಾಗಮಂಡಲ’ ನಾಟಕದ ಆರಂಭದಲ್ಲಿ ಗುಡಿಯಲ್ಲಿ ಸೇರುವ ಜ್ವಾಲೆಗಳು ಬಂದದ್ದು ಇಲ್ಲಿಂದ. ನಾಟಕಕ್ಕೆ ಆಧಾರವಾದ ಎರಡು ಜನಪದ ಕಥೆಗಳನ್ನು ತಾನು ಮೊದಲು ಕೇಳಿದ್ದು ರಾಮಾನುಜನ್ ಬಾಯಿಂದ ಎಂದು ಕಾರ್ನಾಡರೇ ಹೇಳಿದ್ದಾರೆ. ಆ ನಾಟಕ 1993ರಲ್ಲಿ ಅಮೆರಿಕದ ಪ್ರಸಿದ್ಧ ಗಥ್ರಿ ರಂಗಮಂದಿರವನ್ನೇರಿತು. 1997ರಲ್ಲಿ ನಾಗಾಭರಣರ ನಿರ್ದೇಶನದಲ್ಲಿ ಸಿನಿಮಾ ಆಯಿತು. ರಾಮಾನುಜನ್ ಸಂಗ್ರಹದ ಇನ್ನೊಂದು ಕಥೆಯಲ್ಲಿ, ಮೈಮೇಲೆ ನೀರು ಸುರಿದರೆ ಹೂಬಿಡುವ ಮರವಾಗುವ ಒಬ್ಬ ಹುಡುಗಿ ಇದ್ದಾಳೆ. ಹೂವು ಕೊಯ್ಯಬಹುದು, ಕೊಂಬೆ ಮುರಿಯಬಾರದು. ಈ ಕಥೆಯನ್ನು ಆಧರಿಸಿ ಅಮೆರಿಕದ ಸಂಗೀತಗಾರ ಜಾನ್ ಆಡಮ್ಸ್ ಒಂದು ಆಪೆರಾ ರಚಿಸಿದರು. 2006ರಲ್ಲಿ, ಮೊಜಾರ್ಟ್ ಹುಟ್ಟಿ 250 ವರ್ಷವಾದ ಸಂದರ್ಭದಲ್ಲಿ, ಅದು ವಿಯೆನ್ನಾ ನಗರದಲ್ಲಿ ಮೊದಲ ಪ್ರದರ್ಶನ ಕಂಡಿತು. ಕನ್ನಡದ ಹೆಂಗಸರು ಮಕ್ಕಳಿಗೆ ತುತ್ತು ಕೊಡುತ್ತಾ ಹೇಳಿದ ಕಥೆ ಎಲ್ಲಿಂದ ಎಲ್ಲಿಗೆ ಹೋಯಿತು ನೋಡಿ!

ನಮ್ಮ ಮನೆಯ ಜ್ವಾಲೆಗಳು

ನಮ್ಮ ಜಿಲ್ಲೆಯಲ್ಲೂ ಇಂಥದ್ದು ನಡೆದಿದೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ಸಿರಿ ಪಾಡ್ದನವನ್ನು ಫಿನ್ಲೆಂಡಿನ ಲೌರಿ ಹಾಂಕೊ ಅವರು ಬಿ.ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡರ ಜೊತೆಗೂಡಿ ಧ್ವನಿಮುದ್ರಿಸಿ, ಅಕ್ಷರಕ್ಕಿಳಿಸಿ 1998ರಲ್ಲಿ ಪ್ರಕಟಿಸಿದರು. ಅದರ ಸಾಲುಗಳ ಸಂಖ್ಯೆ 15,683! ಅಷ್ಟು ದೊಡ್ಡ ಕಾವ್ಯವೊಂದು ಒಬ್ಬ ಕೃಷಿಕರ ನೆನಪಿನಲ್ಲಿತ್ತು. ಕೇಳುವವರು ಹೋದರು, ಆದ್ದರಿಂದ ಉಳಿಯಿತು. ಯಾರೂ ಕೇಳಲು ಹೋಗದೆ ಮಣ್ಣಾದ ಕಥೆ ಹಾಡುಗಳನ್ನು ಲೆಕ್ಕ ಹಾಕುವವರಿಲ್ಲ.

ವಿದ್ಯಾರ್ಥಿಗಳೇ, ನಿಮ್ಮ ಮನೆಯಲ್ಲೂ ಒಬ್ಬರು ಅಜ್ಜಿಯೋ ದೊಡ್ಡಮ್ಮನೋ ಅಜ್ಜನೋ ಇರಬಹುದು. ಅವರಿಗೆ ನಾಟಿಯ ಕಬಿತೆಯೋ, ಮದುವೆಯ ರೋಸಿನ ವೊವಿಯೊಗಳೋ, ಬ್ಯಾರಿ ಹಾಡೋ, ಹತ್ತಾರು ಒಗಟುಗಳೋ ಗೊತ್ತಿರಬಹುದು. ಈ ರಜೆಯಲ್ಲಿ ಒಂದು ನೋಟ್‌ಪುಸ್ತಕ ಹಿಡಿದು ಪಕ್ಕದಲ್ಲಿ ಕೂರಿ. ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಳ್ಳಲು ಅವರ ಒಪ್ಪಿಗೆ ಕೇಳಿ. ಹೇಳಿದವರ ಹೆಸರು, ಊರು, ವಯಸ್ಸು, ದಿನಾಂಕ ಬರೆದುಕೊಳ್ಳಿ. ಅವರು ಹೇಳಿದ ಭಾಷೆಯಲ್ಲೇ, ಹೇಳಿದ ಹಾಗೆಯೇ ಬರೆಯಿರಿ. ನಿಮಗೆ ಒರಟೆನಿಸಿದ ಮಾತನ್ನು ತಿದ್ದಬೇಡಿ. ಗೊತ್ತಿಲ್ಲದ ಪದದ ಅರ್ಥವನ್ನು ಆಗಲೇ ಕೇಳಿ. ಅದೇ ಕಥೆಯನ್ನು ಇನ್ನೊಬ್ಬರಿಂದಲೂ ಕೇಳಿ, ಏನು ಬದಲಾಯಿತು ನೋಡಿ. ಆಮೇಲೆ ಅದನ್ನು ಕನ್ನಡಕ್ಕೋ ಇಂಗ್ಲಿಷಿಗೋ ತಂದು ನೋಡಿ. ಯಾವ ಟ್ಯೂಷನ್ನಿನಲ್ಲೂ ಸಿಗದ ಭಾಷಾ ಅಭ್ಯಾಸ ಇದು.

ಇದರಿಂದ ಅಂಕ ಬರುತ್ತದೆಯೇ ಎಂದು ಕೇಳಿದರೆ, ಬರುವುದಿಲ್ಲ. ಆದರೆ ಕೇಳುವ ಅಭ್ಯಾಸ ಬರುತ್ತದೆ. ನಾಳೆ ನೀವು ವೈದ್ಯರಾಗಿ ವೆನ್ಲಾಕ್ ಆಸ್ಪತ್ರೆಯ ವಾರ್ಡಿನಲ್ಲಿ ನಿಂತಾಗ, ನೋವು ಎಲ್ಲಿ, ಹೇಗೆ ಎಂದು ರೋಗಿ ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳುತ್ತಾರೆ. ಅವರ ಮಾತಿನ ಸೂಕ್ಷ್ಮ ತಿಳಿಯದ ವೈದ್ಯನ ಜ್ಞಾನ ಅರ್ಧವೇ. ವಕೀಲರಿಗೂ ಬ್ಯಾಂಕಿನವರಿಗೂ ಎಂಜಿನಿಯರಿಗೂ ಇದೇ ಮಾತು.

ಪೋಷಕರಿಗೆ ಒಂದು ವಿನಂತಿ. ಮಗು ಅಜ್ಜಿಯ ಪಕ್ಕ ಕೂತು ಕಥೆ ಕೇಳುತ್ತಿದ್ದರೆ, ಹೊತ್ತು ಹಾಳು ಮಾಡಬೇಡ ಎಂದು ಎಬ್ಬಿಸಬೇಡಿ. ಇಂಗ್ಲಿಷ್ ಬೇಕು, ಖಂಡಿತ ಬೇಕು. ರಾಮಾನುಜನ್ ತಂದೆಯ ಮಹಡಿಯ ಕೋಣೆಯನ್ನು ಬಿಟ್ಟುಕೊಟ್ಟವರಲ್ಲ. ಆದರೆ ಕೆಳಗಿಳಿಯುವ ಮೆಟ್ಟಿಲನ್ನೂ ಕಿತ್ತು ಹಾಕಲಿಲ್ಲ.

1993ರ ಜುಲೈ 13ರಂದು ಷಿಕಾಗೊದ ಆಸ್ಪತ್ರೆಯಲ್ಲಿ, ಶಸ್ತ್ರಚಿಕಿತ್ಸೆಗಾಗಿ ಅರಿವಳಿಕೆ ಕೊಟ್ಟ ಸಂದರ್ಭದಲ್ಲಿ ರಾಮಾನುಜನ್ ತೀರಿಕೊಂಡರು. ವಯಸ್ಸು 64. ಬದುಕಿನುದ್ದಕ್ಕೂ ಸಂಗ್ರಹಿಸಿದ ಕನ್ನಡ ಕಥೆಗಳ ದೊಡ್ಡ ಪುಸ್ತಕ ಆಗಿನ್ನೂ ಅಚ್ಚಾಗಿರಲಿಲ್ಲ. ಸ್ಟುವರ್ಟ್ ಬ್ಲ್ಯಾಕ್‌ಬರ್ನ್ ಮತ್ತು ಅಲನ್ ಡಂಡೆಸ್ ಎಂಬಿಬ್ಬರು ಜಾನಪದ ವಿದ್ವಾಂಸರು ಅದನ್ನು ಸಂಪಾದಿಸಿ 1997ರಲ್ಲಿ ಹೊರತಂದರು. ಅವರು ಕೇಳಿ ಬರೆದಿಟ್ಟಿದ್ದರಿಂದ, ಅವರಿಲ್ಲದಿದ್ದರೂ ಕಥೆಗಳು ನಮಗೆ ಸಿಕ್ಕಿದವು. ನಮ್ಮ ಮನೆಯ ಕಥೆಗಳನ್ನು ಇನ್ನೂ ಯಾರೂ ಬರೆದಿಟ್ಟಿಲ್ಲ. ಹೇಳುವವರು ಮರೆಯುವ ಮೊದಲು ನಾವು ಕೇಳಬೇಕು.